ದಿಜೋನ್ ಪಂಡಿತರ ಪ್ರಶ್ನೆ

ವರ್ಷವರ್ಷವೂ ಪ್ರಶ್ನೆಪತ್ರಿಕೆ ತಯಾರಿಸಿ ಬೇಸತ್ತಿರುವ ನನಗೆ ದಿಜೋನ್ ಅಕಾಡೆಮಿಯನ್ನು ನೆನೆದಾಗಲೆಲ್ಲ ಅಸೂಯೆಯಾಗುತ್ತದೆ. ಫ್ರಾನ್ಸಿನ ಆ ಪ್ರಾಂತೀಯ ಪಂಡಿತ ಸಭೆ 1753ರಲ್ಲಿ ಬಹುಮಾನದ ಪ್ರಬಂಧಕ್ಕೆಂದು ಕೇಳಿದ್ದು ಇಷ್ಟೆ: ಮನುಷ್ಯ ಮನುಷ್ಯರ ನಡುವಣ ಅಸಮಾನತೆಯ ಮೂಲ ಯಾವುದು? ನಿಸರ್ಗಧರ್ಮ ಅದಕ್ಕೆ ಸಮ್ಮತಿ ಕೊಡುತ್ತದೆಯೆ? ಕುಲೀನರೂ ಪಾದ್ರಿಗಳೂ ತೆರಿಗೆಯ ಬಹುಭಾಗದಿಂದ ಪಾರಾಗಿದ್ದ ಅರಸೊತ್ತಿಗೆಯ ನಾಡಿನಲ್ಲಿ ಹೀಗೆ ಕೇಳುವುದಕ್ಕೂ ಎದೆ ಬೇಕು.

1750ರಲ್ಲಿ ಇದೇ ಸಭೆಯ ಬಹುಮಾನ ಗೆದ್ದಿದ್ದ ರೂಸೋ ಉತ್ತರ ಬರೆದ. ಸೇಂಟ್ ಜರ್ಮೇನ್ ಕಾಡಿನಲ್ಲಿ ಅಲೆಯುತ್ತ, ಸಮಾಜ ಹುಟ್ಟುವ ಮೊದಲಿನ ಮನುಷ್ಯನನ್ನು ಕಲ್ಪಿಸಿಕೊಂಡ. ಬಲ, ವಯಸ್ಸು, ಬುದ್ಧಿಗಳ ವ್ಯತ್ಯಾಸ ನಿಸರ್ಗದ್ದು. ಒಡೆಯ, ಆಳು ಎಂಬುದು ನಾವು ಮಾಡಿಕೊಂಡದ್ದು ಎಂದು ಅವನ ವಾದ. ನೆಲಕ್ಕೆ ಬೇಲಿ ಹಾಕಿದವನ ಮಾತನ್ನು ಸುತ್ತಲಿನವರು ನಂಬಿದಂದು ಅದು ಬೇರೂರಿತು. ಆಮೇಲೆ ಬಂದ ಕಾನೂನು ಆ ಬೇಲಿಗೇ ಕಾವಲು ನಿಂತಿತು. ಬೇಲಿ ಹಾಕಿದವನನ್ನು ಬೈದವರು ಹಲವರಿದ್ದಾರು. ನಂಬಿದವರನ್ನೂ ಹೊಣೆ ಮಾಡಿದ್ದು ರೂಸೋವಿನ ಹೆಚ್ಚುಗಾರಿಕೆಯೆಂದು ನನ್ನೆಣಿಕೆ.

ಬಹುಮಾನ ತಾಲ್ಬೆರ್ ಎಂಬ ಪಾದ್ರಿಗೆ ಹೋಯಿತು. ರೂಸೋವಿನದು ಉದ್ದವಾಯಿತೆಂದು ಸಭೆ ಪೂರ್ತಿ ಓದಲೂ ಇಲ್ಲ! 1755ರಲ್ಲಿ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇದನ್ನೋದಿದರೆ ನಾಲ್ಕು ಕಾಲಲ್ಲಿ ನಡೆಯುವ ಆಸೆಯಾಗುತ್ತದೆಂದು ವಾಲ್ಟೇರ್ ಕಾಗದ ಬರೆದು ಹಂಗಿಸಿದ. ಹಾಸ್ಯ ಚೆನ್ನಾಗಿದೆ, ಆದರೆ ಕಾಡಿಗೆ ಮರಳಿರೆಂದು ರೂಸೋ ಹೇಳಿರಲೇ ಇಲ್ಲ.

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಇದನ್ನೆಲ್ಲ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಬಿಟ್ಟವನಲ್ಲವೆ ಸಾರ್, ಇವನು?” ಎಂದಳು. ಹೌದು, ಬಿಟ್ಟವನೇ, ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಅವಳಿಗೆ ಹೇಳುವಂಥ ಸಮಾಧಾನ ನನ್ನಲ್ಲಿರಲಿಲ್ಲ.