ತಾಳದ ಮೇಲಿನ ಅಚ್ಚು

ಕಾಲವನ್ನು ಹೇಳದ ಶಾಸನದ ಕಾಲವನ್ನು ಅದರ ಅಕ್ಷರಗಳ ಆಕಾರದಿಂದ ನಿರ್ಣಯಿಸುವುದು ನಮ್ಮಂಥ ಕನ್ನಡ ಅಧ್ಯಾಪಕರಿಗೆ ಪರಿಚಿತವಾದ ಕೆಲಸ. ಪಾಶ್ಚಾತ್ಯ ವಾದ್ಯಮೇಳದ ದೊಡ್ಡ ಕಂಚಿನ ತಾಳವೂ, ಅಂದರೆ ಸಿಂಬಲ್, ಇಂಥದೇ ಓದನ್ನು ಬೇಡುತ್ತದೆ. ಹಳೆಯ ಸಿಂಬಲ್‌ಗಳ ಮೇಲೆ ಸಾಮಾನ್ಯವಾಗಿ ವರ್ಷವಿರುವುದಿಲ್ಲ. ಇರುವುದು ತಯಾರಕರು ಒತ್ತಿದ ಅಚ್ಚು ಮಾತ್ರ.

ಇವುಗಳಲ್ಲಿ ಹೆಸರಾದದ್ದು ಝಿಲ್ಜಿಯನ್ ಮನೆತನದ ತಾಳ. ತುರ್ಕಿ ಮಾತಿನಲ್ಲಿ ‘ಝಿಲ್’ ಎಂದರೆ ತಾಳ, ‘ಜಿ’ ಎಂದರೆ ಅದನ್ನು ಮಾಡುವವನು. ‘ಯಾನ್’ ಎಂಬುದು ಆರ್ಮೇನಿಯನ್ನರ ವಂಶಸೂಚಕ ಪ್ರತ್ಯಯ. ಕಸುಬೇ ಮನೆತನದ ಹೆಸರಾಯಿತು. ಕಾನ್‌ಸ್ಟಾಂಟಿನೋಪಲಿನಲ್ಲಿ 1623ರಲ್ಲಿ ತಮ್ಮ ಕಾರ್ಖಾನೆ ಆರಂಭವಾಯಿತೆಂದು ಮನೆತನದವರು ಹೇಳುತ್ತಾರೆ. ಲೋಹದಲ್ಲಿ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಮುಂದೆ ಮನೆತನ ಎರಡು ಕವಲಾಯಿತು. ಕೆರೋಪೆಯ ಹೆಸರಿನ ‘ಕೆ’ ತಾಳಗಳು ಹಳೆಯ ಊರಿನಲ್ಲೇ ತಯಾರಾದವು. 1929ರಲ್ಲಿ ಅವೆದಿಸ್ ಎಂಬಾತ ಅಮೆರಿಕದ ಕ್ವಿನ್ಸಿಯಲ್ಲಿ ಕಾರ್ಖಾನೆ ತೆರೆದನು.

ಅಚ್ಚಿನಲ್ಲಿ ಮೊದಲು ನೋಡಬೇಕಾದದ್ದು ಊರಿನ ಹೆಸರು. 1930ರಲ್ಲಿ ತುರ್ಕಿ ಸರ್ಕಾರ ‘ಇಸ್ತಾಂಬುಲ್’ ಎಂಬ ಹೆಸರನ್ನೇ ಬಳಸಬೇಕೆಂದು ಹೊರನಾಡುಗಳನ್ನು ಕೇಳಿಕೊಂಡಿತು. ಆದುದರಿಂದ ‘ಕೆ’ ತಾಳದ ಮೇಲೆ ‘ಕಾನ್‌ಸ್ಟಾಂಟಿನೋಪಲ್’ ಎಂದಿದ್ದರೆ ಅದು ಸಾಧಾರಣವಾಗಿ ಆ ಕಾಲಕ್ಕೆ ಹಿಂದಿನದು.

ಆದರೆ ಇಲ್ಲಿಯೇ ಎಚ್ಚರ ಬೇಕು. 1928ರಲ್ಲಿ ತುರ್ಕಿಯು ಅರಬ್ಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಯನ್ನು ಹಿಡಿಯಿತು. ಅದರ ಮರುವರ್ಷ ಹುಟ್ಟಿದ ಅಮೆರಿಕದ ಕಾರ್ಖಾನೆಯಾದರೋ ಆ ಹಳೆಯ ಲಿಪಿಯನ್ನೇ ತನ್ನ ತಾಳಗಳ ಮೇಲೆ ಒತ್ತಿತು. ಅದೇ ಅಚ್ಚಿನಲ್ಲಿ ‘ಅಪ್ಪಟ ತುರ್ಕಿ ತಾಳ’ ಎಂಬ ಮಾತು. ಅದರ ಕೆಳಗೆ ‘ಅಮೆರಿಕದಲ್ಲಿ ತಯಾರಾದದ್ದು’! ತಾಯ್ನಾಡು ಬಿಟ್ಟ ಲಿಪಿಯನ್ನು ವಲಸೆ ಹೋದವನು ಕಾಪಾಡಿದ. 1968ರಲ್ಲಿ ‘ಕೆ’ ಹೆಸರಿನ ಹಕ್ಕೂ ಅಮೆರಿಕದ ಶಾಖೆಯ ಪಾಲಾಯಿತು. ಈಗ ಆ ಕಂಪನಿ ‘ಕಾನ್‌ಸ್ಟಾಂಟಿನೋಪಲ್’ ಎಂಬ ಹೆಸರಿನಲ್ಲೇ ಹೊಸ ತಾಳಗಳನ್ನು ಮಾರುತ್ತಿದೆ. ಲಿಪಿ ಹಳೆಯದೆಂದು ಲೋಹವೂ ಹಳೆಯದೆನ್ನುವಂತಿಲ್ಲ.

ಆದಕಾರಣ ಅಚ್ಚಿನ ಸಾಕ್ಷ್ಯಕ್ಕೆ ಕೈಕೆಲಸದ ಸಾಕ್ಷ್ಯವೂ ಕೂಡಬೇಕು. ಇಸ್ತಾಂಬುಲಿನ ಹಳೆಯ ತಾಳಗಳ ಮೇಲೆ ಕೈಸುತ್ತಿಗೆಯ ಏಟುಗಳು ಒಂದೇ ಸಮನಾಗಿಲ್ಲ. ಎರಡು ತಾಳಗಳು ಒಂದೇ ತೂಕದವಲ್ಲ, ಒಂದೇ ನಾದದವೂ ಅಲ್ಲ. ನಡುವಿನ ಗುಬ್ಬಿಯ ಅಳತೆ, ಅಂಚಿನ ದಪ್ಪ, ಕಡೆದ ಗೆರೆಗಳು, ತೂತಿನ ಸವೆತ, ಎಲ್ಲವೂ ಒಂದನ್ನೊಂದು ಸಮರ್ಥಿಸಿದರೆ ಮಾತ್ರ ನಿರ್ಣಯ ಸಲ್ಲುತ್ತದೆ.

ಹಳೆಯ ತಾಳ ಕೈಗೆ ಸಿಕ್ಕಿತೆಂದರೆ ಹಲವರು ಮೊದಲು ಮಾಡುವ ಕೆಲಸ ಅದನ್ನು ಉಜ್ಜಿ ಥಳಥಳಗೊಳಿಸುವುದು. ಕಪ್ಪು ಹೋಗುತ್ತದೆ; ಅದರೊಡನೆ ಆಳವಿಲ್ಲದ ಅಚ್ಚೂ ಸವೆಯುತ್ತದೆ. ನಮ್ಮ ಗುಡಿಗಳಲ್ಲಿ ಶಾಸನದ ಕಲ್ಲಿಗೆ ಸುಣ್ಣ ಬಳಿಯುವ ಭಕ್ತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಇಸ್ತಾಂಬುಲಿನ ‘ಕೆ’ ಕಾರ್ಖಾನೆ 1970ರ ದಶಕದ ಕೊನೆಯಲ್ಲಿ ಮುಚ್ಚಿತು. ಅಲ್ಲಿ ಸುತ್ತಿಗೆ ಹಿಡಿದ ಬಹುಪಾಲು ಕೈಗಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ಬರವಣಿಗೆ ಉಳಿದಿರುವುದು ಆ ಮಾಸಿದ ಕಂಚಿನ ಮೇಲೆಯೇ.