ತಂಪಿನ ಕಸುಬು, ಗ್ಯಾಸಿನ ಲೆಕ್ಕ

ಊರಿನಲ್ಲಿ ಏಸಿ ಕೊಳ್ಳಲು ಹೋದವರಿಗೆ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ, "ಒಂದು ಟನ್ನೋ, ಒಂದೂವರೆ ಟನ್ನೋ?" ನಾನಿರುವ ಟೆಕ್ಸಸ್‌ನಲ್ಲೂ ಅದೇ ಮಾತು, ಸಂಖ್ಯೆ ಮಾತ್ರ ದೊಡ್ಡದು. ಇಲ್ಲಿ ಮನೆಯೊಂದಕ್ಕೆ ಮೂರು ಟನ್, ನಾಲ್ಕು ಟನ್. ಯಂತ್ರದ ತೂಕ ಅಷ್ಟಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತು. ಹಾಗಾದರೆ ಇದು ಯಾವುದರ ಟನ್? ಮಂಜುಗಡ್ಡೆಯದು. 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಪೂರ್ತಿ ಕರಗಿ ನೀರಾಗಲು ಎಷ್ಟು ಶಾಖ ಹೀರುತ್ತದೋ, ಅಷ್ಟು ಶಾಖವನ್ನು ಒಂದು ದಿನದಲ್ಲಿ ಕೋಣೆಯಿಂದ ಹೊರಗೆ ಸಾಗಿಸುವ ಯಂತ್ರ ಒಂದು ಟನ್ನಿನದು. ಗಂಟೆಯ ಲೆಕ್ಕದಲ್ಲಿ 12,000 ಬಿಟಿಯು. ಮಂಜುಗಡ್ಡೆ ಮಾರುವ ವ್ಯಾಪಾರ ಮುಗಿದು ಎಷ್ಟೋ ಕಾಲವಾಯಿತು, ಅದರ ಅಳತೆಗೋಲು ಮಾತ್ರ ಉಳಿದಿದೆ.

ಆ ವ್ಯಾಪಾರಕ್ಕೂ ನಮ್ಮ ಕಡೆಗೂ ನಂಟುಂಟು. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 'ಟಸ್ಕನಿ' ಎಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪಯಣದ ನಂತರ ಸುಮಾರು 100 ಟನ್ ಉಳಿದು ದಡ ಸೇರಿತು. ನೂರಕ್ಕೆ ನಲವತ್ತರಷ್ಟು ಸರಕು ನೀರಾಗಿ ಹರಿದುಹೋದರೂ ಲಾಭ ತಂದ ವ್ಯಾಪಾರ ಎಂದು ಲೆಕ್ಕಿಗನಾದ ನನಗೆ ಇದರ ಮೇಲೆ ವಿಶೇಷ ಮಮತೆ. ಮದ್ರಾಸಿನ ಕಡಲತೀರದಲ್ಲಿ ಈ ಮಂಜುಗಡ್ಡೆಯನ್ನು ಕೂಡಿಡಲು ಕಟ್ಟಿದ ಐಸ್ ಹೌಸ್ ಈಗಲೂ ಇದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ.

ಅಂದಿನ ತಂಪಿನ ಕೆಲಸಗಾರರಿಗೆ ಬೇಕಾಗಿದ್ದುದು ಗರಗಸ, ಕೊಕ್ಕೆ, ಮರದ ಹೊಟ್ಟು ಮತ್ತು ರಟ್ಟೆಬಲ. ಯಂತ್ರ ಬಂದ ಮೇಲೆ ಕಸುಬು ಬದಲಾಯಿತು. 1834ರಲ್ಲಿ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಈಥರನ್ನು ಆವಿ ಮಾಡಿ, ಒತ್ತಿ, ಮತ್ತೆ ದ್ರವ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಫ್ಲಾರಿಡಾದಲ್ಲಿ ಜ್ವರದ ರೋಗಿಗಳ ಕೋಣೆ ತಂಪಾಗಿಸಲು ಒದ್ದಾಡಿದ ವೈದ್ಯ ಜಾನ್ ಗೋರಿಗೆ 1851ರಲ್ಲಿ ಮಂಜುಗಡ್ಡೆ ಯಂತ್ರದ ಪೇಟೆಂಟ್ ಸಿಕ್ಕಿತು, ಹಣ ಹೂಡುವವರು ಸಿಗಲಿಲ್ಲ. ಈ ವಿದ್ಯೆ ತರಗತಿಗೆ ಕಾಲಿಟ್ಟದ್ದು ಜರ್ಮನಿಯಲ್ಲಿ. ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ಕಾರ್ಲ್ ಲಿಂಡೆ 1870ರ ದಶಕದಲ್ಲಿ ಬಿಯರ್ ಕಾರ್ಖಾನೆಗಳಿಗಾಗಿ ಅಮೋನಿಯಾ ಯಂತ್ರಗಳನ್ನು ಕಟ್ಟಿದ. ಅವನ ಶಿಷ್ಯನೊಬ್ಬ ಓದು ಮುಗಿಸಿ ಪ್ಯಾರಿಸ್ಸಿನಲ್ಲಿ ಗುರುವಿನ ಐಸ್ ಯಂತ್ರಗಳ ಕೆಲಸಕ್ಕೇ ಸೇರಿದ. ಅವನ ಹೆಸರು ರುಡಾಲ್ಫ್ ಡೀಸೆಲ್.

ಅಮೆರಿಕದಲ್ಲಿ ಹವಾನಿಯಂತ್ರಣ ಶುರುವಾದದ್ದು ಮನುಷ್ಯರ ಬೆವರು ಒರೆಸಲು ಅಲ್ಲ, ಕಾಗದದ ತೇವ ತಡೆಯಲು. ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಸೆಕೆಯಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಕಾರ್ನೆಲ್‌ನಿಂದ ಆಗಷ್ಟೇ ಹೊರಬಂದಿದ್ದ ವಿಲಿಸ್ ಕ್ಯಾರಿಯರ್ 1902ರಲ್ಲಿ ಅದಕ್ಕೆ ಪರಿಹಾರದ ನಕ್ಷೆ ಬರೆದುಕೊಟ್ಟ. ಗಾಳಿಯ ಉಷ್ಣತೆಗೂ ತೇವಕ್ಕೂ ಇರುವ ಸಂಬಂಧದ ಸೂತ್ರಗಳನ್ನು 1911ರಲ್ಲಿ ಎಂಜಿನಿಯರುಗಳ ಸಭೆಯ ಮುಂದಿಟ್ಟ. ಇಂದಿಗೂ ತರಬೇತಿಗೆ ಸೇರುವ ಹುಡುಗ ಹುಡುಗಿಯರು ಕಲಿಯುವ ಸೈಕ್ರೋಮೆಟ್ರಿಕ್ ಚಾರ್ಟಿನ ಬೇರು ಅಲ್ಲಿದೆ. 1928ರಲ್ಲಿ ನಮ್ಮ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದ ಮಿಲಾಮ್ ಕಟ್ಟಡ ಇಡೀ ಹವಾನಿಯಂತ್ರಿತವಾದ ಮೊದಲ ಬಹುಮಹಡಿ ಕಚೇರಿಯಾಯಿತು.

ನಕ್ಷೆ ಬರೆದವರ ಹೆಸರು ಚರಿತ್ರೆಯಲ್ಲಿದೆ. ಆ ಯಂತ್ರ ಕೆಟ್ಟಾಗ ಸ್ಪ್ಯಾನರ್ ಹಿಡಿದು ಬಂದವರು ಎಲ್ಲಿ ಕಲಿತರು? ಬಹುತೇಕರು ಕಲಿತದ್ದು ಕೆಲಸದ ಜಾಗದಲ್ಲೇ, ಹಿರಿಯರೊಬ್ಬರ ಬೆನ್ನ ಹಿಂದೆ ನಿಂತು. ಅದು ಸಲೀಸಿನ ಶಾಲೆಯಾಗಿರಲಿಲ್ಲ. ಅಂದಿನ ಪೈಪುಗಳಲ್ಲಿ ಹರಿಯುತ್ತಿದ್ದವು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದರೆ ಕಣ್ಣು, ಗಂಟಲು ಸುಡುವ, ಪ್ರಾಣವನ್ನೇ ತೆಗೆಯಬಲ್ಲ ಅನಿಲಗಳು. ಬರ್ಲಿನ್ನಿನಲ್ಲಿ ಹೀಗೊಂದು ಸೋರಿಕೆಗೆ ಒಂದು ಕುಟುಂಬ ಬಲಿಯಾದ ಸುದ್ದಿ ಓದಿಯೇ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಸೋರದ ಫ್ರಿಜ್ ಕಟ್ಟಲು ಹೊರಟರು ಎಂಬುದು ಪ್ರಸಿದ್ಧವಾದ ಕಥೆ.

ಹೀಗೆ ಸ್ವಂತ ಕೈಯಿಂದ ಕಲಿತವರಲ್ಲಿ ಎಲ್ಲರೂ ತಿಳಿಯಬೇಕಾದ ಹೆಸರು ಫ್ರೆಡರಿಕ್ ಮೆಕಿನ್ಲಿ ಜೋನ್ಸ್. 1893ರಲ್ಲಿ ಸಿನ್ಸಿನಾಟಿಯಲ್ಲಿ ಹುಟ್ಟಿದ, ಚಿಕ್ಕಂದಿನಲ್ಲೇ ತಂದೆತಾಯಿಯ ಆಸರೆ ಕಳೆದುಕೊಂಡ ಕಪ್ಪು ಹುಡುಗ. ಶಾಲೆ ಅರ್ಧಕ್ಕೇ ನಿಂತಿತು. ಗ್ಯಾರೇಜಿನಲ್ಲಿ, ಹೊಲದ ಯಂತ್ರಗಳಲ್ಲಿ ಕೈಯಾಡಿಸಿ, ಸಿಕ್ಕ ಪುಸ್ತಕ ಓದಿ ಕಲಿತರು. ಲಾರಿಯ ಮೇಲೆ ಕೂರಿಸಿ, ರಸ್ತೆಯ ಕುಲುಕಾಟ ತಡೆದುಕೊಂಡು ಹಣ್ಣು, ಮಾಂಸಗಳನ್ನು ಕೆಡದಂತೆ ಸಾಗಿಸುವ ತಂಪು ಯಂತ್ರ ಅವರದು. ಅದಕ್ಕೆ ಪೇಟೆಂಟೂ ಬಂತು. 1944ರಲ್ಲಿ ರೆಫ್ರಿಜರೇಷನ್ ಎಂಜಿನಿಯರುಗಳ ಸಂಘ ಅವರನ್ನು ಸದಸ್ಯರನ್ನಾಗಿ ಮಾಡಿಕೊಂಡಿತು. ದೇಶದ ತಂತ್ರಜ್ಞಾನ ಪದಕ ಬಂದದ್ದು 1991ರಲ್ಲಿ, ಅವರು ತೀರಿಕೊಂಡು ಮೂರು ದಶಕಗಳಾದ ಮೇಲೆ.

ಎಲ್ಲರೂ ಜೋನ್ಸ್ ಆಗಲಾರರು, ಶಾಲೆ ಬೇಕು. 1917ರ ಸ್ಮಿತ್-ಹ್ಯೂಸ್ ಕಾಯಿದೆ ಕಸುಬಿನ ಶಿಕ್ಷಣಕ್ಕೆ ಕೇಂದ್ರದ ಹಣ ತಂದಿತು. 1933ರಲ್ಲಿ ರಿಪೇರಿಯವರು ತಮ್ಮವರಿಗೆ ಪಾಠ ಹೇಳಲು ತಮ್ಮದೇ ಸಂಘ ಕಟ್ಟಿಕೊಂಡರು. 1937ರ ಕಾಯಿದೆ ಅಪ್ರೆಂಟಿಸರಿಗೆ ನಿಯಮ ರೂಪಿಸಿತು. 1944ರ ಜಿಐ ಬಿಲ್ ಯುದ್ಧದಿಂದ ಮರಳಿದ ಸೈನಿಕರಿಗೆ ಕಾಲೇಜಿನ ಹಾಗೆಯೇ ಕಸುಬಿನ ಶಾಲೆಯ ಖರ್ಚನ್ನೂ ಕೊಟ್ಟಿತು. ನಮ್ಮಲ್ಲಿ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂದು ಐಟಿಐಗಳು ಹಬ್ಬಿದವು, 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂತು. ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಐಟಿಐನಲ್ಲಿ ಎರಡು ವರ್ಷದ ಟ್ರೇಡ್.

ಇಷ್ಟೆಲ್ಲ ಇದ್ದರೂ, ಗ್ಯಾಸ್ ಮುಟ್ಟುವವರೆಲ್ಲರೂ ಪರೀಕ್ಷೆ ಪಾಸಾಗಿರಲೇಬೇಕು ಎಂದು ಅಮೆರಿಕ ಸರಕಾರ ವಿಧಿಸಿದ್ದು ಬಹಳ ತಡವಾಗಿ. ಅದಕ್ಕೆ ಕಾರಣ ಗ್ರಾಹಕರ ದೂರೂ ಅಲ್ಲ, ಕೆಲಸಗಾರರ ಸಾವೂ ಅಲ್ಲ, ಆಕಾಶ.

1928ರಲ್ಲಿ ಥಾಮಸ್ ಮಿಡ್ಗ್ಲಿಯ ತಂಡ ವಿಷವಲ್ಲದ, ಬೆಂಕಿ ಹಿಡಿಯದ ಹೊಸ ಗ್ಯಾಸ್ ಕಂಡುಹಿಡಿಯಿತು. 1930ರಲ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅವನು ಅದನ್ನು ಉಸಿರೆಳೆದುಕೊಂಡು, ಆ ಉಸಿರಿನಿಂದಲೇ ಮೇಣದಬತ್ತಿ ಆರಿಸಿ ತೋರಿಸಿದ. ಅದೇ ಫ್ರಿಯಾನ್. ಮೆಕ್ಯಾನಿಕ್‌ಗಳ ಪ್ರಾಣಭಯ ಹೋಯಿತು, ಜೊತೆಗೆ ಎಚ್ಚರವೂ ಹೋಯಿತು. ರಿಪೇರಿಗೆ ಬಂದವರು ವಾಲ್ವ್ ತೆರೆದು ಹಳೆಯ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬುವುದು ರೂಢಿಯಾಯಿತು. ಯಾರಿಗೂ ಕೆಮ್ಮು ಬರುವುದಿಲ್ಲ, ವಾಸನೆಯೂ ಇಲ್ಲ, ಇನ್ನೇನು ತೊಂದರೆ?

ತೊಂದರೆಯನ್ನು 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಕಾಗದದ ಮೇಲೆ ತೋರಿಸಿದರು. ಮೇಲೇರಿದ ಈ ಗ್ಯಾಸ್ ಒಡೆದು ಬಿಡುಗಡೆಯಾಗುವ ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಕಣಗಳನ್ನು ಮುರಿಯುತ್ತದೆ ಎಂದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾದದ್ದನ್ನು ಅಳೆದು ಪ್ರಕಟಿಸಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿಯಾಯಿತು. 1990ರಲ್ಲಿ ತಿದ್ದುಪಡಿಯಾದ ಅಮೆರಿಕದ ಶುದ್ಧ ಗಾಳಿ ಕಾಯಿದೆಯಲ್ಲಿ 608ನೇ ವಿಧಿ ಸೇರಿತು. 1992ರ ಜುಲೈ 1ರಿಂದ ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದು ಅಪರಾಧವಾಯಿತು. 1994ರ ನವೆಂಬರ್ 14ರಿಂದ ಆ ಗ್ಯಾಸಿನ ಯಂತ್ರ ಬಿಚ್ಚುವವರ ಜೇಬಿನಲ್ಲಿ ಸರ್ಟಿಫಿಕೇಟ್ ಇರಲೇಬೇಕಾಯಿತು.

ಆ ಪರೀಕ್ಷೆ ನಾಲ್ಕು ಭಾಗದ್ದು: ಎಲ್ಲರಿಗೂ ಸಾಮಾನ್ಯವಾದ ಒಂದು, ಫ್ರಿಜ್ಜಿನಂಥ ಚಿಕ್ಕ ಯಂತ್ರಗಳದ್ದು, ಹೆಚ್ಚು ಒತ್ತಡದವು, ಕಡಿಮೆ ಒತ್ತಡದ ದೊಡ್ಡ ಚಿಲ್ಲರ್‌ಗಳು. ಒಂದೊಂದರಲ್ಲಿ 25 ಪ್ರಶ್ನೆ, ಪಾಸಾಗಲು ನೂರಕ್ಕೆ 70. ನಾಲ್ಕರಲ್ಲೂ ಗೆದ್ದವರು 'ಯುನಿವರ್ಸಲ್'. ಒಮ್ಮೆ ಗೆದ್ದರೆ ಜೀವನಪೂರ್ತಿ ಸಾಕು. ವರ್ಷ ವರ್ಷ ಗಂಟೆ ಎಣಿಸಿ ಮರುಶಿಕ್ಷಣ ಪಡೆಯುವ ನಮ್ಮಂಥ ಲೆಕ್ಕಿಗರಿಗೆ ಇದು ಹೊಟ್ಟೆಯುರಿಸುವ ಸಂಗತಿ.

ನನ್ನ ಕಕ್ಷಿದಾರರಲ್ಲಿ ಒಂದು ಚಿಕ್ಕ ಏಸಿ ಕಂಪನಿಯೂ ಇದೆ. ಅವರ ಪುಸ್ತಕ ನೋಡುವಾಗ ಗ್ಯಾಸ್ ಸಿಲಿಂಡರಿನ ಲೆಕ್ಕ ನಮ್ಮ ಸರಕಿನ ಲೆಕ್ಕದ ಹಾಗೆಯೇ ಕಂಡಿತು: ಎಷ್ಟು ಕೊಂಡರು, ಎಷ್ಟು ತುಂಬಿದರು, ಎಷ್ಟು ಹಿಂದಕ್ಕೆ ಹೀರಿದರು, ಎಷ್ಟು ಉಳಿಯಿತು. ಗ್ಯಾಸ್ ಕೊಳ್ಳಲು ಅಂಗಡಿಯಲ್ಲಿ ಸರ್ಟಿಫಿಕೇಟ್ ತೋರಿಸಬೇಕು. ಓಝೋನಿಗೆ ಕೆಡುಕಾದ ಗ್ಯಾಸ್ 50 ಪೌಂಡಿಗಿಂತ ಹೆಚ್ಚಿರುವ ಕಟ್ಟಡದ ಏಸಿಯಲ್ಲಿ ವರ್ಷದ ಸೋರಿಕೆ ನೂರಕ್ಕೆ ಹತ್ತು ಮೀರಿದರೆ ರಿಪೇರಿ ಮಾಡಲೇಬೇಕು, ದಾಖಲೆ ಇಡಬೇಕು. ಆಡಿಟರ್ ಷೇರುದಾರರ ಪರವಾಗಿ ಲೆಕ್ಕ ನೋಡುತ್ತಾನೆ. ಈ ಮೆಕ್ಯಾನಿಕ್ ಇಡುವ ಲೆಕ್ಕ ಎಲ್ಲರ ತಲೆಯ ಮೇಲಿನ ಆಕಾಶದ್ದು.

ಆದರೆ ಆ ಪರೀಕ್ಷೆ ಅಳೆಯುವುದು ಗ್ಯಾಸಿನ ತಿಳಿವಳಿಕೆಯನ್ನು, ಕೈಯನ್ನಲ್ಲ. ತಾಮ್ರದ ಕೊಳವೆಯನ್ನು ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಸದಿದ್ದರೆ ಕಪ್ಪು ಕಿಟ್ಟ ಕಟ್ಟಿ ಮುಂದೊಂದು ದಿನ ಯಂತ್ರವನ್ನೇ ಕೆಡಿಸುತ್ತದೆ. ಗ್ಯಾಸ್ ತುಂಬುವ ಮೊದಲು ಕೊಳವೆಯ ಗಾಳಿ ಮತ್ತು ತೇವವನ್ನು ಪಂಪಿನಿಂದ ಪೂರ್ತಿ ಎಳೆದು ತೆಗೆಯಬೇಕು. ಚಳಿಗಾಲದ ಫರ್ನೇಸಿನಲ್ಲಿ ಒಂದು ಬಿರುಕು ಕಾಣದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಮಲಗಿದವರ ಕೋಣೆಗೆ ನುಗ್ಗಬಹುದು. ಇವನ್ನು ಕಲಿಸುವುದು ಇನ್ನೊಂದು ಜೊತೆ ಕೈಗಳೇ. ಅದಕ್ಕೇ ಟೆಕ್ಸಸ್‌ನಲ್ಲಿ ಸ್ವಂತವಾಗಿ ಗುತ್ತಿಗೆ ಹಿಡಿಯಬೇಕಾದರೆ ಪರವಾನಗಿ ಉಳ್ಳವರ ಕೈಕೆಳಗೆ 48 ತಿಂಗಳ ಅನುಭವ, ಅದರ ಮೇಲೊಂದು ಪರೀಕ್ಷೆ. ನಾವು ಸಿಎ ಆಗಲು ಮಾಡಿದ ಆರ್ಟಿಕಲ್‌ಶಿಪ್ಪೂ ಇಂಥದೇ. ಅದರಲ್ಲಿ ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಆದರೆ ಒಂದನ್ನು ವಿದ್ಯೆ ಎಂದೆವು, ಇನ್ನೊಂದನ್ನು 'ಕೈಕೆಲಸ' ಎಂದೆವು. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದವರಿಗೆ ಐಟಿಐ ಎಂದು ನಮ್ಮ ಕಾಲದಲ್ಲಿ ಊರೇ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನು ವಿಮಾನದಲ್ಲಿ ಹೊತ್ತು ತಂದು ಇಲ್ಲಿ ಹುಟ್ಟಿದ ಮಕ್ಕಳಿಗೂ ಹಂಚುತ್ತಿದ್ದೇವೆ.

ಕಾಲ ಈಗ ಮತ್ತೆ ಹೊರಳುತ್ತಿದೆ. ಓಝೋನಿಗೆ ಹಾನಿ ಮಾಡದ ಬದಲಿ ಗ್ಯಾಸುಗಳು ಭೂಮಿಯನ್ನು ಬಿಸಿ ಮಾಡುತ್ತವೆ ಎಂದು 2016ರಲ್ಲಿ ಕಿಗಾಲಿಯಲ್ಲಿ ಅವುಗಳನ್ನೂ ಇಳಿಸಲು ಒಪ್ಪಂದವಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ಅಮೆರಿಕದ ಮನೆಗಳಲ್ಲಿ ವರ್ಷಗಟ್ಟಲೆ ಮೆರೆದ ಆರ್-410ಎ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಅದರ ಜಾಗಕ್ಕೆ ಬರುತ್ತಿರುವ ಆರ್-32, ಆರ್-454ಬಿ ಅಷ್ಟು ಕೆಟ್ಟವಲ್ಲ, ಆದರೆ ಸ್ವಲ್ಪ ಬೆಂಕಿ ಹಿಡಿಯುವಂಥವು. ಮಿಡ್ಗ್ಲಿ ಓಡಿಸಿದ ಭಯ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ. ಕಲಿತವರೂ ಮತ್ತೆ ಕಲಿಯಬೇಕಾಗಿದೆ. ಭಾರತದ 2019ರ ತಂಪು ಕ್ರಿಯಾ ಯೋಜನೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಮತ್ತು ಸರ್ಟಿಫಿಕೇಟ್ ಕೊಡುವ ಗುರಿ ಇಟ್ಟುಕೊಂಡಿತು. ಕಲಬುರಗಿ, ರಾಯಚೂರಿನ ಬೇಸಿಗೆ ಕಂಡವರಿಗೆ ಅದರ ಅಗತ್ಯ ವಿವರಿಸಬೇಕಿಲ್ಲ.

ಓಝೋನ್ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಅದರ ಕೀರ್ತಿ ವಿಜ್ಞಾನಿಗಳಿಗೆ ಸಿಕ್ಕಿತು, 1995ರಲ್ಲಿ ನೊಬೆಲ್ಲೂ ಬಂತು, ಸಿಗಬೇಕಾದದ್ದೇ. ಒಪ್ಪಂದಕ್ಕೆ ಸಹಿ ಹಾಕಿದವರ ಫೋಟೋಗಳೂ ಇವೆ. ಆದರೆ ಸುಡುವ ಮಾಳಿಗೆಯ ಮೇಲೆ, ನೋಡುವವರು ಯಾರೂ ಇಲ್ಲದಾಗ, ವಾಲ್ವ್ ತೆರೆದು ಐದು ನಿಮಿಷದಲ್ಲಿ ಕೆಲಸ ಮುಗಿಸುವ ಬದಲು ಹೀರುವ ಯಂತ್ರ ಜೋಡಿಸಿ ಮುಕ್ಕಾಲು ಗಂಟೆ ಕಾದವರು ಬೇರೆ. ಒಪ್ಪಂದ ಜಾರಿಯಾದದ್ದು ಅವರ ಕೈಯಲ್ಲಿ. ಆ ಲೆಕ್ಕಕ್ಕೆ ಸಹಿ ಹಾಕುವ ಆಡಿಟರ್ ಯಾರೂ ಇಲ್ಲ.