ಮಳಿಗಾಲಕ್ಕ ‘ಚಳಿಗಾಲ’ ಅಂದ ರಷ್ಯದವ ಮತ್ತ ನಮ್ಮ ಹ್ಯಾಂಡ್ ಗ್ಲೌಸ್

1/7
ಸ್ವಲ್ಪ ಉದ್ದ ಅದ ದೋಸ್ತರೇ, ಏಳು ಭಾಗ. ಬೈಕ್ ಇದ್ದವರು ಪೂರ್ತಿ ಓದ್ರಿ, ಇಲ್ಲದವರು ಹಿಂದಿನ ಸೀಟಿನವರ ಲೆಕ್ಕದಾಗ ಓದ್ರಿ.

ಹೋದ ಮಾರ್ಚ್‌ನಾಗ ಭಾಲ್ಕಿಯಿಂದ ಬೀದರಕ್ಕ ಬರ್ತಿದ್ದೆ. ಮಧ್ಯಾಹ್ನದ ಬಿಸಿಲಿಗೆ ಕೈ ಬೆವರ್ತಾವ ಅಂತ ಗ್ಲೌಸ್ ತೆಗೆದು ಬ್ಯಾಗಿಗೆ ಹಾಕಿದ್ದೆ. ಅರ್ಧ ದಾರಿಗೆ ಮೋಡ ಕವೀತು, ಗಾಳಿ ಎದ್ದಿತು, ನೋಡ್ತಾ ನೋಡ್ತಾ ಆಲಿಕಲ್ಲು ಮಳೆ. ಹತ್ತು ನಿಮಿಷದಾಗ ಬೆರಳು ನನ್ನವೇ ಅಲ್ಲ ಅನ್ನೋ ಹಂಗಾಯ್ತು. ಮುಂದಿದ್ದ ಕಬ್ಬಿನ ಟ್ರ್ಯಾಕ್ಟರ್ ಒಮ್ಮೆಲೆ ನಿಂತಿತು. ಬ್ರೇಕ್ ಹಿಡಿಬೇಕು ಅಂತ ತಲೆಗೆ ಗೊತ್ತು, ಬೆರಳು ಮಡಚಲಿಲ್ಲ. ಟ್ರಾಲಿಗೂ ನನಗೂ ಒಂದು ಗೇಣು ಉಳಿದಾಗ ಗಾಡಿ ನಿಂತಿತು.

ಮನಿಗೆ ಬಂದು ಹೇಳಿದೆ. ಮುತ್ಯಾ ಒಂದೇ ಮಾತು ಕೇಳಿದ್ರು: “ತಮ್ಮಾ, ತಲಿ ಮುಚ್ಚಿಕೊಂಡಿದ್ದಿ, ಕೈ ಯಾಕ ಬಿಟ್ಟಿ?” ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಇತಿಹಾಸ ಇದು.

2/7
ನಮ್ಮ ಕಡೆ ಹವಾಮಾನ ನಂಬಿ ಪ್ರಯಾಣ ಮಾಡಿದವರಾಗ ಬಹಳ ದೂರದಿಂದ ಬಂದವ ಅಫನಾಸಿ ನಿಕಿತಿನ್. ರಷ್ಯದ ತ್ವೇರ್ ಊರಿನ ವ್ಯಾಪಾರಿ. 1469ರ ಸುಮಾರಿಗೆ ಒಂದು ಗಂಡು ಕುದುರೆ ತಗೊಂಡು ಸಮುದ್ರ ದಾಟಿ ಕೊಂಕಣದ ಚೌಲ್ ಬಂದರಿಗೆ ಇಳಿದ. ಬಹಮನಿ ರಾಜ್ಯದಾಗ ಒಳ್ಳೆ ಕುದುರೆಗೆ ಒಳ್ಳೆ ಬೆಲೆ ಇತ್ತು. ಕುದುರೆ ಇಲ್ಲಿಗೆ ತರಲಿಕ್ಕೇ ನೂರು ರೂಬಲ್ ಖರ್ಚಾಯ್ತು ಅಂತ ಬರೆದುಕೊಂಡಾನ.

ಚೌಲ್‌ನಿಂದ ಘಟ್ಟ ಹತ್ತಿ ಜುನ್ನರಿಗೆ ಬಂದ. ಅಲ್ಲಿ ಮಳೆ ಹಿಡೀತು. ಎರಡು ತಿಂಗಳು ಅಲ್ಲೇ ಕೂತ. ಮೇಲಿಂದ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆ ಕಿತ್ತುಕೊಂಡ; ಮಧ್ಯಸ್ಥರು ಒಬ್ಬರು ಬಂದು ಬಿಡಿಸಿಕೊಟ್ಟರು. ಆಮೇಲೆ ನಮ್ಮ ಬೀದರಕ್ಕ ಬಂದು, ಕ್ರಿಸ್‌ಮಸ್ ಹೊತ್ತಿಗೆ ಅದೇ ಕುದುರೆ ಮಾರಿದ. ಆಗ ಇಲ್ಲಿ ಮೂರನೇ ಮುಹಮ್ಮದ್ ಶಾಹನ ಆಳ್ವಿಕೆ, ಮಹಮೂದ್ ಗವಾನ್ ವಜೀರ. ನಾವು ಸೆಲ್ಫಿ ಹೊಡ್ಕೊಳ್ಳೋ ಮದರಸಾ ಮುಗಿದದ್ದು 1472ರಾಗ, ಅಂದ್ರ ಅದೇ ಕಾಲ.

ಈಗ ಮಜಾ ಕೇಳ್ರಿ. ಹಿಮದ ದೇಶದ ಈ ಮನುಷ್ಯ ನಮ್ಮ ಮಳಿಗಾಲಕ್ಕ ಕೊಟ್ಟ ಹೆಸರು ‘ಚಳಿಗಾಲ’! ನಾಲ್ಕು ತಿಂಗಳು ಹಗಲು ರಾತ್ರಿ ಎಲ್ಲಿ ನೋಡಿದ್ರೂ ನೀರು, ಕೆಸರು ಅಂತ ಬರೆದಾನ. ನನಗ ಅನಿಸೋದು ಇಷ್ಟು: ಅವನಿಗೆ ಚಳಿಗಾಲ ಅಂದ್ರ ಬರೀ ಥಂಡಿ ಅಲ್ಲ, ದಾರಿ ಮುಚ್ಚೋ ಕಾಲ. ಹಂಗ ನೋಡಿದ್ರ ಅವ ತಪ್ಪು ಹೇಳಲಿಲ್ಲ.

3/7
ನಿಕಿತಿನ್ ಇನ್ನೊಂದು ವಿಷಯ ಬರೆದಾನ. ಆ ‘ಚಳಿಗಾಲ’ದಾಗ ಇಲ್ಲಿನ ಜನ ಒಂದು ಬಟ್ಟೆ ಸೊಂಟಕ್ಕ, ಒಂದು ಹೆಗಲಿಗೆ, ಒಂದು ತಲೆಗೆ ಹಾಕ್ಕೋತಿದ್ರಂತ. ಇವತ್ತು ರೈಡರ್‌ಗಳು ‘ಲೇಯರಿಂಗ್’ ಅಂತ ಹೇಳೋದು ಇದನ್ನೇ: ಒಂದೇ ದಪ್ಪ ಬಟ್ಟೆ ಬದಲಿ, ಬೇಕಾದಾಗ ಹಾಕಿ ಬ್ಯಾಡಾದಾಗ ತೆಗಿಲಿಕ್ಕೆ ಬರೋ ಎರಡು ಮೂರು ಪದರ.

ಇದಕ್ಕಿಂತ ಜಾಣ ಸಾಮಾನು ಕುರುಬರ ಕಂಬಳಿ. ನಮ್ಮ ಗಡಿಯಾಗ ಮರಾಠಿಯವರು ಘೊಂಗಡಿ ಅಂತಾರ, ತೆಲುಗಿನವರು ಗೊಂಗಡಿ ಅಂತಾರ. ಒಂದು ಮೂಲೆ ಒಳಗ ಮಡಚಿ ತಲೆ ಮೇಲೆ ಹಾಕಿದ್ರ ಕೊಪ್ಪೆ. ತಲೆ, ಬೆನ್ನು ಎರಡೂ ಮುಚ್ತಾವ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವ ಹೀರಿದರೂ ಒದ್ದೆ ಅನಿಸೋದಿಲ್ಲ, ಬೆಚ್ಚಗೆ ಇಡ್ತದ. ಹತ್ತಿ ಒದ್ದೆ ಆದ ಕೂಡಲೇ ಮೈಗೆ ಅಂಟಿ ಮೈಯ ಕಾವು ಎಳಕೋತದ. ಅದಕ್ಕೇ ಡಿಸೆಂಬರ್‌ನಾಗ ಟೀ ಶರ್ಟ್ ಮೇಲೆ ಜೀನ್ಸ್ ಜಾಕೆಟ್ ಹಾಕ್ಕೊಂಡು ಔರಾದಕ್ಕ ಹೊಂಟವ ಮಂಜಿನಾಗ ನಡುಗ್ತಾನ. ಕುರಿ ಕಾಯೋ ಅಜ್ಜ ಕಂಬಳಿ ಹೊದ್ದು ಬೀಡಿ ಸೇದ್ಕೋತ ಆರಾಮ ಕೂತಿರ್ತಾನ.

ಆದ್ರ ಕಂಬಳಿ ಹೊದ್ದು ಬೈಕ್ ಹೊಡಿಲಿಕ್ಕೆ ಆಗೋದಿಲ್ಲ. ಗಾಳಿಗೆ ಹಾರ್ತದ, ಚೈನಿಗೆ ಸಿಗ್ತದ. ಅದಕ್ಕ ಮುಂದಿನ ಕಥಿ.

4/7
1823ರಾಗ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆ ನಡುವೆ ರಬ್ಬರ್ ಹಚ್ಚಿ ನೀರು ಇಳಿಯದ ಬಟ್ಟೆಗೆ ಪೇಟೆಂಟ್ ತಗೊಂಡ. ರೇನ್‌ಕೋಟ್ ಹುಟ್ಟಿತು. ಆದ್ರ ಬಿಸಿಲಿಗೆ ಅಂಟು, ಥಂಡಿಗೆ ಕಟ್ಟಿಗಿ ಹಂಗ ಬಿರುಸು, ಮ್ಯಾಲ ನಾತ. 1839ರಾಗ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಸಿದ್ರ ಅದು ಎರಡೂ ಹವಾ ತಾಳ್ತದ ಅಂತ ಕಂಡುಹಿಡಿದ. ನಿಮ್ಮ ಟೈರ್ ನಿಂತಿರೋದೂ ಅದರ ಮ್ಯಾಲೇ.

ಒಂದು ತ್ರಾಸು ಮಾತ್ರ ಉಳೀತು. ಹೊರಗಿನ ನೀರು ತಡೆಯೋ ರೇನ್‌ಕೋಟ್ ಒಳಗಿನ ಬೆವರನ್ನೂ ತಡೀತದ. ನಮ್ಮ ಜೂನ್ ಸೆಕೆಯಾಗ ಹಾಕಿ ನೋಡ್ರಿ, ಮಳೆಗಿಂತ ಬೆವರಿಗೇ ಜಾಸ್ತಿ ತೋಯ್ತೀರಿ. 1969ರಾಗ ಬಾಬ್ ಗೋರ್ ಕಾಸಿದ ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್ಕನ್ನ ಸಾವಕಾಶ ಎಳೆಯೋದು ಬಿಟ್ಟು ಒಮ್ಮೆಲೆ ಜಗ್ಗಿದ. ಅದು ಹರೀಲಿಲ್ಲ, ಹಿಗ್ಗಿತು, ಒಳಗ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಬಿದ್ದವು. ನೀರಿನ ಹನಿ ಅದರಾಗ ತೂರೋದಿಲ್ಲ, ಬೆವರಿನ ಆವಿ ತೂರ್ತದ. ಅದೇ ಗೋರ್‌ಟೆಕ್ಸ್. ಇವತ್ತು ಗ್ಲೌಸ್ ಮ್ಯಾಲ ‘ವಾಟರ್‌ಪ್ರೂಫ್, ಬ್ರೀದಬಲ್’ ಅಂತ ಇದ್ರ ಒಳಗ ಇಂಥದೇ ಒಂದು ಪದರ ಇರ್ತದ.

5/7
ಗೇರ್ ಇತಿಹಾಸದಾಗ ಎಲ್ಲಕ್ಕಿಂತ ದೊಡ್ಡ ದಿನ 1935ರ ಮೇ 13. ‘ಲಾರೆನ್ಸ್ ಆಫ್ ಅರೇಬಿಯಾ’ ಅಂತ ಹೆಸರಾದ ಟಿ.ಇ. ಲಾರೆನ್ಸ್ ಇಂಗ್ಲೆಂಡಿನಾಗ ತನ್ನ ಬ್ರಫ್ ಸುಪೀರಿಯರ್ ಬೈಕ್ ಮ್ಯಾಲ ಹೊಂಟಿದ್ದ. ಸೈಕಲ್ ಮ್ಯಾಲಿದ್ದ ಇಬ್ಬರು ಹುಡುಗರನ್ನ ತಪ್ಪಿಸಲಿಕ್ಕೆ ಹೋಗಿ ಬಿದ್ದ. ತಲೆ ಮ್ಯಾಲ ಹೆಲ್ಮೆಟ್ ಇರಲಿಲ್ಲ. ಆರು ದಿನಕ್ಕ ಸತ್ತ. ಅವನನ್ನ ನೋಡಿದ ಡಾಕ್ಟರರಾಗ ಹ್ಯೂ ಕೇರ್ನ್ಸ್ ಒಬ್ಬರು. ಅವರು ಬೈಕ್ ಸವಾರರ ತಲೆಪೆಟ್ಟಿನ ಅಭ್ಯಾಸಕ್ಕ ಕೂತ್ರು, 1941ರಾಗ ಲೇಖನ ಬರೆದ್ರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ನಮ್ಮ ಕರ್ನಾಟಕದಾಗ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕ್ ಬರಲಿಕ್ಕೆ ಹತ್ತಿದವು. ಬೈಕ್ ಮೊದಲು ಬಂತು, ಗೇರ್ ಬಹಳ ಹಿಂದಿನಿಂದ ಬಂತು. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಬೇಕು ಅಂತದ. 2016ರ ಜನವರಿಯಿಂದ ನಮ್ಮ ರಾಜ್ಯದಾಗ ಹಿಂದ ಕೂತವರಿಗೂ ಕಡ್ಡಾಯ. ತಲೆಗೆ ಕಾಯ್ದೆ ಬಂತು, ಕೈ ನಮ್ಮ ಬುದ್ಧಿಗೇ ಉಳೀತು. ಬಿದ್ದಾಗ ನೆಲಕ್ಕ ಮೊದಲು ಊರೋದು ಮಾತ್ರ ಕೈ!

6/7
ಈಗ ನನ್ನ ಬೆರಳು ಯಾಕ ಮಡಚಲಿಲ್ಲ ಅನ್ನೋ ಲೆಕ್ಕ. ಅಮೆರಿಕದ ಪಾಲ್ ಸೈಪಲ್, ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಾಗ ನೀರು ಎಷ್ಟು ಹೊತ್ತಿಗೆ ಹೆಪ್ಪುಗಟ್ತದ ಅಂತ ಅಳೆದು, ಗಾಳಿ ಹೆಚ್ಚಾದಷ್ಟೂ ಕಾವು ಬೇಗ ಹೋಗ್ತದ ಅಂತ 1945ರಾಗ ಪ್ರಕಟಿಸಿದ್ರು. ಈಗಿನ ಸೂತ್ರದ ಪ್ರಕಾರ ಹೊರಗ 10 ಡಿಗ್ರಿ ಇದ್ದು, ನೀವು 60ರ ಸ್ಪೀಡಿನಾಗ ಹೊಂಟ್ರ ಬರೀ ಚರ್ಮಕ್ಕ ತಾಗೋದು 5 ಡಿಗ್ರಿಯಷ್ಟು ಥಂಡಿ. ಬೀದರದಾಗ ಡಿಸೆಂಬರ್ ಮುಂಜಾನೆ ಹತ್ತಕ್ಕಿಂತ ಕೆಳಗ ಇಳಿಯೋದು ನಮಗ ಹೊಸದೇನಲ್ಲ. ಕೈ ತೊಯ್ದಿದ್ರ ಇನ್ನೂ ಕಷ್ಟ.

ಥಂಡಿ ಆದ್ರ ದೇಹ ಹೊಟ್ಟಿ, ಎದಿ ಕಾಯಲಿಕ್ಕೆ ಬೆರಳಿನ ರಕ್ತ ಕಡಿಮೆ ಮಾಡ್ತದ. ಬೆರಳು ಮರಗಟ್ತಾವ. 60ರ ಸ್ಪೀಡ್ ಅಂದ್ರ ಸೆಕೆಂಡಿಗೆ ಸುಮಾರು 17 ಮೀಟರ್. ಬ್ರೇಕ್ ಹಿಡಿಲಿಕ್ಕೆ ಒಂದು ಸೆಕೆಂಡ್ ತಡ ಆದ್ರ ಒಂದು ಟ್ರ್ಯಾಕ್ಟರ್, ಅದರ ಹಿಂದ ಟ್ರಾಲಿ, ಎರಡೂ ಹಿಡಿಯೋವಷ್ಟು ಜಾಗ ಹೋಯ್ತು.

7/7
ಹಂಗಾದ್ರ ಏನು ತಗೋಬೇಕು? ನಾವೂ ಸ್ಟೂಡೆಂಟ್ಸೇ, ರೊಕ್ಕದ ಲೆಕ್ಕ ಇಟ್ಟೇ ಹೇಳ್ತೀನಿ.

🧤 ಒಂದೇ ಜೋಡಿ ಎಲ್ಲಾ ಕಾಲಕ್ಕ ಆಗೋದಿಲ್ಲ. ಭಾರಿ ಬೆಲೆಯ ಒಂದರ ಬದಲಿ ಸಾಧಾರಣ ಎರಡು ತಗೋರಿ: ಬ್ಯಾಸಗಿಗೆ ಗಾಳಿ ಆಡೋ ಮೆಶ್, ಮಳಿ ಚಳಿಗೆ ವಾಟರ್‌ಪ್ರೂಫ್. ಮಾರ್ಚ್‌ನಿಂದ ಎರಡನೇದು ಬ್ಯಾಗಿನಾಗ ಕಾಯಂ.

🧤 ಅಂಗೈ ನೋಡ್ರಿ. ಅಂಗೈ ಬುಡಕ್ಕ ಗಟ್ಟಿ ಜಾರುಪಟ್ಟಿ ಇರಬೇಕು. ಬಿದ್ದಾಗ ಕೈ ರಸ್ತೆಗೆ ಕಚ್ಚೋದಿಲ್ಲ, ಜಾರ್ತದ. ಮಣಿಕಟ್ಟಿನ ಸಣ್ಣ ಎಲುಬಿನ ಮ್ಯಾಲ ಭಾರ ಕಡಿಮೆ ಬೀಳ್ತದ.

🧤 ಲೇಬಲ್ ಓದ್ರಿ. ಯುರೋಪಿನ ಮಾನದಂಡ ‘ಇಎನ್ 13594’. ಜೊತೆಗೆ ‘ಕೆಪಿ’ ಅಂತ ಇದ್ರ ಬೆರಳ ಗೆಣ್ಣಿನ ರಕ್ಷಣೆ ಪರೀಕ್ಷೆ ಪಾಸಾಗ್ಯದ ಅಂತ ಅರ್ಥ. ಹೆಲ್ಮೆಟ್‌ಗೆ ಐಎಸ್‌ಐ ಗುರುತು, ಐಎಸ್ 4151.

🧤 ಅಂಗಡಿಯಾಗೇ ಪರೀಕ್ಷೆ. ಪಟ್ಟಿ ಬಿಗಿದು, ಇನ್ನೊಂದು ಕೈಯಿಂದ ಬೆರಳ ತುದಿ ಹಿಡಿದು ಜಗ್ಗಿರಿ. ಕಳಚಿ ಬಂತಾ? ಬಿದ್ದಾಗಲೂ ಕಳಚ್ತದ, ಬ್ಯಾಡ. ಆಮೇಲೆ ಗಾಡಿ ಮ್ಯಾಲ ಕೂತು ಎರಡೂ ಲಿವರ್ ಹಿಡಿದು, ಇಂಡಿಕೇಟರ್ ಒತ್ತಿ ನೋಡ್ರಿ. ಬಹಳ ದಪ್ಪ ಇದ್ರ ಲಿವರ್ ಗೊತ್ತೇ ಆಗೋದಿಲ್ಲ.

🧤 ಜೋರು ಮಳೆಯಾಗ ರೇನ್‌ಕೋಟ್ ತೋಳು ಗ್ಲೌಸ್ ಮ್ಯಾಲ ಬರಬೇಕು. ಇಲ್ಲಾಂದ್ರ ತೋಳಿನ ನೀರು ಸೀದಾ ಗ್ಲೌಸ್ ಒಳಗ.

🧤 ಆಲಿಕಲ್ಲು ಬಿದ್ರ ಯಾವ ಗ್ಲೌಸೂ ಸಾಕಾಗೋದಿಲ್ಲ. ಗಾಡಿ ಬದಿಗೆ ಹಾಕ್ರಿ, ಸೂರು ಹುಡುಕ್ರಿ, ಗಿಡದ ಕೆಳಗ ಮಾತ್ರ ನಿಲ್ಲಬ್ಯಾಡ್ರಿ, ಸಿಡಿಲು ಅದ.

ಐನೂರೈವತ್ತು ವರ್ಷದ ಹಿಂದ ಮಳೆ ಹಿಡಿದಾಗ ನಿಕಿತಿನ್ ಎರಡು ತಿಂಗಳು ಕೂತ. ನಮಗ ಕೂಡಬೇಕಾದದ್ದು ಬರೀ ಇಪ್ಪತ್ತು ನಿಮಿಷ. ಕ್ಲಾಸ್ ತಪ್ಪಿದ್ರ ನೋಟ್ಸ್ ಸಿಗ್ತಾವ.

ಮುತ್ಯಾರ ಪ್ರಶ್ನೆಗೆ ನನ್ನ ಕಡೆ ಇನ್ನೂ ಸರಿಯಾದ ಉತ್ತರ ಇಲ್ಲ. ಗ್ಲೌಸ್ ಮಾತ್ರ ಈಗ ಬ್ಯಾಗಿನಾಗ ಇರೋದಿಲ್ಲ, ಕೈಯಾಗೇ ಇರ್ತಾವ.

ದಿನಾ ಔರಾದ, ಭಾಲ್ಕಿಯಿಂದ ಬೈಕ್ ಮ್ಯಾಲ ಬರೋ ದೋಸ್ತ ಇದ್ರ ಅವನಿಗೆ ಇದನ್ನ ಕಳಿಸ್ರಿ.

#ಬೀದರ #ಭಾಲ್ಕಿ #ಔರಾದ #ನಮ್ಮಇತಿಹಾಸ #ಬೈಕ್‌ಪಯಣ